ಖಾಲಿ ಕುಂಡ ಚೆಲ್ಲಬೇಡಿ

ಈ ಸಲ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ದಿನ ಊಟದ ಸಾಲಿನ ಪಕ್ಕ ಒಂದು ಮೇಜು ಹಾಕುತ್ತಿದ್ದೇವೆ. ಅದರ ಮೇಲೆ ಸಣ್ಣ ಸಣ್ಣ ಕಾಗದದ ಪೊಟ್ಟಣ ಇರುತ್ತವೆ. ಪ್ರಸಾದ ಅಂತ ಬಾಯಿಗೆ ಹಾಕಿಕೊಳ್ಳಬೇಡಿ, ಕಾಡು ಲಿಲ್ಲಿಯ ಬೀಜ ಅದು.

ಅಮೆರಿಕದ ನಮ್ಮ ಈ ಪೋರ್ಟ್‌ಲೆಂಡ್‌ನಿಂದ ಕೊಲಂಬಿಯಾ ನದಿಯ ಕಣಿವೆಗೆ ಜೂನ್, ಜುಲೈನಲ್ಲಿ ಹೈಕಿಂಗ್ ಹೋದವರು ಈ ಹೂ ನೋಡಿರುತ್ತೀರಿ. ಪುಸ್ತಕದಲ್ಲಿ ಲಿಲಿಯಂ ಕೊಲಂಬಿಯಾನಂ, ಜನರ ಬಾಯಲ್ಲಿ ಟೈಗರ್ ಲಿಲ್ಲಿ. ಕಿತ್ತಳೆ ಬಣ್ಣ, ಮೇಲೆ ಕಂದು ಚುಕ್ಕೆ. ಹೂ ತಲೆ ತಗ್ಗಿಸಿರುತ್ತದೆ, ಎಸಳು ಮಾತ್ರ ಹಿಂದಕ್ಕೆ ಸುರುಳಿ. ಮೊದಲ ಸಲ ಕಂಡಾಗ ಮಲೆನಾಡಿನ ಬೇಲಿ ಮೇಲಿನ ಗೌರಿ ಹೂವೇ ಇಲ್ಲಿಗೆ ಬಂತಾ ಅನ್ನಿಸಿತ್ತು. ಕುಟುಂಬ ಬೇರೆ, ಬಿಡಿ.

ಸ್ಥಳೀಯ ಗಿಡಗಳ ನರ್ಸರಿಯಿಂದ ಬೀಜ ತಂದೆ. ಮಾರ್ಚ್‌ನಲ್ಲಿ ಕುಂಡದಲ್ಲಿ ಬಿತ್ತಿದೆ. ಮೇ ಆಯಿತು, ಜುಲೈ ಆಯಿತು, ಒಂದು ಹಸಿರು ಚುಕ್ಕೆಯೂ ಇಲ್ಲ. ಬೇಜಾರಾಗಿ ಆಗಸ್ಟ್‌ನಲ್ಲಿ ಮಣ್ಣನ್ನೆಲ್ಲ ಮೆಂತ್ಯದ ಪಾತಿಗೆ ಸುರಿದೆ. ಸುರಿದ ಮೇಲೆ ನೋಡುತ್ತೇನೆ, ಮಣ್ಣಿನ ಮಧ್ಯೆ ಅಕ್ಕಿಕಾಳಿನಷ್ಟು ಬೆಳ್ಳಗಿನ ಗೆಡ್ಡೆಗಳು! ಮಂಡಿಯೂರಿ ಕೂತು ಆರಿಸಿದರೆ ಸಿಕ್ಕಿದ್ದು ಏಳು.

ಈ ಜಾತಿಯ ಸ್ವಭಾವವೇ ಹಾಗೆ. ಬೀಜ ಮೊಳೆತರೆ ಮೊದಲು ನೆಲದೊಳಗೆ ಗೆಡ್ಡೆ ಕಟ್ಟುತ್ತದೆ. ಚಳಿಗಾಲ ಕಳೆದ ಮೇಲೆ ಒಂದೇ ಒಂದು ಎಲೆ ಮೇಲೆ ಬರುತ್ತದೆ. ಆ ವರ್ಷಕ್ಕೆ ಅಷ್ಟೇ. ಹೂ ನೋಡಲು ನಾಲ್ಕೈದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಹಾಗಾಗಿ ಬಿತ್ತಲು ಸರಿಯಾದ ಕಾಲ ಮಳೆ ಹಿಡಿಯುವ ಈ ಅಕ್ಟೋಬರ್, ನವೆಂಬರ್.

'ಸುಮ್ನೆ ಗೆಡ್ಡೆ ತಂದು ನೆಡಬಹುದಲ್ವಾ?' ಅಂತ ಹೋದ ತಿಂಗಳ ಕಾರ್ಯಕಾರಿ ಸಭೆಯಲ್ಲಿ ಒಬ್ಬರು ಕೇಳಿದರು. ಕಾಡಿನಿಂದ ಅಗೆದು ತರುವ ಮಾತೇ ಬೇಡ. ಕೊಂಡು ತಂದ ಗೆಡ್ಡೆಯ ಜೊತೆ ವೈರಸ್ ರೋಗ ಬರುವುದುಂಟು, ಬೀಜದಲ್ಲಿ ಅದು ಅಪರೂಪ. ಅಲ್ಲದೆ ಬೀಜ ಆರಿಸುವ ಕೆಲಸವೇ ಒಂದು ಖುಷಿ. ತಲೆ ತಗ್ಗಿಸಿದ್ದ ಹೂ ಕಾಯಾದಾಗ ನೆಟ್ಟಗೆ ಮೇಲೆ ನೋಡುತ್ತದೆ. ಒಣಗಿದ ಕಾಯಿ ಬಿಡಿಸಿದರೆ ಒಳಗೆ ಮೂರು ಕೋಣೆ, ನಾಣ್ಯ ಪೇರಿಸಿಟ್ಟ ಹಾಗೆ ಚಪ್ಪಟೆ ಬೀಜ. ಅರ್ಧ ಬರೀ ಹೊಟ್ಟು. ಮೊರದಲ್ಲಿ ಕೇರಿದ ಹಾಗೆ ತಟ್ಟೆಯಲ್ಲಿ ಕೇರಿ ಊದಬೇಕು. ಉಳಿದದ್ದನ್ನು ಬೆಳಕಿಗೆ ಹಿಡಿದರೆ ನಡುವೆ ದಾರದಂಥ ಒಂದು ಗೆರೆ ಕಾಣುತ್ತದೆ. ಅದು ಇದ್ದರೆ ಗಟ್ಟಿ ಬೀಜ.

ಆಳವಾದ ಕುಂಡ, ನೀರು ನಿಲ್ಲದ ಮಣ್ಣು, ಬೀಜದ ಮೇಲೆ ಅರ್ಧ ಇಂಚು ಮಣ್ಣು ಸಾಕು. ಹೊರಗೇ ಇಡಿ, ಚಳಿ ತಾಗಲಿ. ಅಳಿಲು ಕೆದಕದ ಹಾಗೆ ಮೇಲೊಂದು ತಂತಿಬಲೆ. ವಸಂತದಲ್ಲಿ ಸ್ಲಗ್‌ಗಳ (ಚಿಪ್ಪಿಲ್ಲದ ಬಸವನಹುಳು) ಕಾಟ ನಿಮಗೆ ಗೊತ್ತೇ ಇದೆ, ಆ ಒಂದೇ ಎಲೆಯನ್ನು ಒಂದು ರಾತ್ರಿಯಲ್ಲಿ ಮುಗಿಸುತ್ತವೆ. ಮನೆಯಲ್ಲಿ ಬೆಕ್ಕಿದ್ದವರು ದಯವಿಟ್ಟು ಪೊಟ್ಟಣ ತೆಗೆದುಕೊಳ್ಳಬೇಡಿ. ಲಿಲ್ಲಿ ಬೆಕ್ಕಿಗೆ ವಿಷ, ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಕುಂಡಕ್ಕೊಂದು ಚೀಟಿ ಸಿಗಿಸಿ. ಪೆನ್ಸಿಲ್‌ನಲ್ಲಿ ಬರೆಯಿರಿ, ನಮ್ಮೂರಿನ ಮಳೆಗೆ ಶಾಯಿ ನಿಲ್ಲಲ್ಲ. ನನ್ನ ಕುಂಡದ ಚೀಟಿಯಲ್ಲಿ ಹೆಸರು, ತಾರೀಖಿನ ಕೆಳಗೆ ನನ್ನವಳು ದಪ್ಪಕ್ಷರದಲ್ಲಿ ಸೇರಿಸಿದ್ದಾಳೆ: 'ಇದು ಖಾಲಿ ಅಲ್ಲ ರೀ.'