ಡ್ರಾಫ್ಟ್‌ನಲ್ಲಿ ಆಯ್ಕೆಯಾಗದವರು ತರಬೇತುದಾರರಾದಾಗ

ಮಾನ್ಯ ಸಂಪಾದಕರೇ,

ದೊಡ್ಡ ಆಟಗಾರರು ಒಳ್ಳೆಯ ತರಬೇತುದಾರರಾಗುವುದು ಅಪರೂಪವೆಂಬ ಮಾತನ್ನು ಕ್ರೀಡಾಸಕ್ತರು ಆಗಾಗ ಹೇಳುವುದುಂಟು. ಕೆನಡಾದ ಮಾಜಿ ಐಸ್ ಹಾಕಿ ಆಟಗಾರ ಮಾರ್ಟಿನ್ ಸೇಂಟ್ ಲೂಯಿ ಅವರ ವೃತ್ತಿಜೀವನವನ್ನು ಗಮನಿಸಿದ ನಾನು ಅದನ್ನು ಒಪ್ಪಲಾರೆ. ಐದಡಿ ಎಂಟು ಇಂಚು ಎತ್ತರದ ಅವರನ್ನು ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನ ಯಾವ ತಂಡವೂ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ಆರಿಸಲಿಲ್ಲ. ಅಂಥವರು 2004ರಲ್ಲಿ ಟ್ಯಾಂಪಾ ಬೇ ಲೈಟ್ನಿಂಗ್ ತಂಡದೊಂದಿಗೆ ಲೀಗ್‌ನ ಚಾಂಪಿಯನ್ನರಿಗೆ ಸಲ್ಲುವ ಸ್ಟ್ಯಾನ್ಲಿ ಕಪ್ ಗೆದ್ದರು, ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿಯನ್ನೂ ಪಡೆದರು.

ಮಕ್ಕಳ ತಂಡಗಳಿಗೆ ಕಲಿಸುತ್ತಿದ್ದ ಅವರನ್ನು 2022ರ ಫೆಬ್ರುವರಿಯಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡವು ಹಂಗಾಮಿ ಮುಖ್ಯ ತರಬೇತುದಾರರನ್ನಾಗಿ ನೇಮಿಸಿದಾಗ ಹಲವರು ಹುಬ್ಬೇರಿಸಿದ್ದು ಸಹಜವೇ. ಆದರೆ ಆ ಋತುವಿನ ಮೊದಲ 30 ಪಂದ್ಯಗಳಲ್ಲಿ ಒಂದೇ ಗೋಲು ಹೊಡೆದಿದ್ದ, ಅವರಂತೆಯೇ ಕುಳ್ಳಗಿನ ತಂಡದ ಆಟಗಾರ ಕೋಲ್ ಕಾಫೀಲ್ಡ್, ಅವರ ಕೈಕೆಳಗೆ 37 ಪಂದ್ಯಗಳಲ್ಲಿ 22 ಗೋಲು ಗಳಿಸಿದರು. ಮೈಬಲದ ಕೊರತೆಯನ್ನು ಆಟವನ್ನು ಓದುವ ಬುದ್ಧಿಯಿಂದ ತುಂಬಿಕೊಂಡವರಿಗೆ ಆ ಓದನ್ನು ಬಿಡಿಸಿ ಹೇಳುವುದೂ ತಿಳಿದಿರುತ್ತದೆ ಎಂಬುದು ನನ್ನ ದೃಢ ನಂಬಿಕೆ. ಸೇಂಟ್ ಲೂಯಿ ಅವರ ತರಬೇತಿಯಲ್ಲೇ 2025ರಲ್ಲಿ ಮಾಂಟ್ರಿಯಲ್ ತಂಡ ಪ್ಲೇಆಫ್‌ಗೆ ಮರಳಿತು. ಇಂಥ ಪಯಣಗಳ ಕುರಿತು ತಮ್ಮ ಕ್ರೀಡಾಪುಟದಲ್ಲಿ ವಿವರವಾದ ಲೇಖನಗಳು ಬರಲಿ ಎಂದು ಕೋರುತ್ತೇನೆ.

ಇತಿ,
ತಮ್ಮ ಓದುಗ