ದೇವರಾಯನದುರ್ಗ ಪ್ರವಾಸ: ಮಾಗಳಿ ಗಿಡ ಕಿತ್ತು ತರುವ ವಿಚಾರ

ಪ್ರಿಯ ಪೋಷಕರೇ,

ನಮಸ್ಕಾರ. ಮುಂದಿನ ತಿಂಗಳ ಎರಡನೇ ಶನಿವಾರ ಏಳನೇ ತರಗತಿಯ ಮಕ್ಕಳನ್ನು ನಾಮದ ಚಿಲುಮೆ ಮತ್ತು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಸುದ್ದಿ ಗೊತ್ತಾದ ಮೇಲೆ ಒಬ್ಬ ತಾಯಿ ಶಾಲೆಗೇ ಬಂದು ಕೇಳಿದರು: "ಹೇಗೂ ಬೆಟ್ಟಕ್ಕೆ ಹೋಗ್ತೀರಲ್ವಾ ಸಾರ್, ಒಂದೆರಡು ಮಾಗಳಿ ಗಿಡ ಕಿತ್ತು ತಂದು ಶಾಲೆ ಅಂಗಳದಲ್ಲಿ ನೆಟ್ಟರೆ ಉಳಿಯುತ್ತಲ್ಲಾ?" ಒಳ್ಳೆ ಮನಸ್ಸಿನಿಂದ ಕೇಳಿದ ಮಾತು. ನಿಮ್ಮಲ್ಲಿ ಇನ್ನೂ ಕೆಲವರಿಗೆ ಹಾಗೇ ಅನ್ನಿಸಿರಬಹುದು. ಅದಕ್ಕೇ ಈ ಪತ್ರ.

ಮಾಗಳಿ ಬೇರಿನ ಉಪ್ಪಿನಕಾಯಿ ಅಂದರೆ ಕೆಲವರಿಗೆ ಪ್ರಾಣ. ಕೆಲವರು ತಿಗಣೆ ವಾಸನೆ ಅಂತ ಮೂಗು ಮುಚ್ಚಿಕೊಳ್ಳುತ್ತಾರೆ. (ನಾನು ಮೊದಲನೇ ಗುಂಪು.) ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ಹೆಚ್ಚಿ ಮಜ್ಜಿಗೆಗೆ ಹಾಕುವುದು ಮನೆಯಲ್ಲಿ ಹಿರಿಯರಿಗೆಲ್ಲ ಗೊತ್ತು. ಆದರೆ ಪೇಟೆಗೆ ಬರುವ ಬೇರು ಬಹುಪಾಲು ಕಾಡಿನದೇ. ಇದು ಒಣ ಬೆಟ್ಟಗಳ ಬಂಡೆ ಸಂದಿನಲ್ಲಿ ಬೆಳೆಯುವ ಬಳ್ಳಿ. ಎಲೆ ಕಿತ್ತರೆ ಹಾಲು ಬರುತ್ತದೆ. ಎಕ್ಕದ ಕುಟುಂಬದ್ದೇ, ಕಾಯಿ ಒಡೆದರೆ ರೇಷ್ಮೆಯಂಥ ಎಳೆ ಹೊತ್ತ ಬೀಜ ಗಾಳಿಯಲ್ಲಿ ಹಾರುತ್ತದೆ. ಜಗತ್ತಿನಲ್ಲಿ ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇದು ತಾನಾಗಿ ಬೆಳೆಯುವುದಿಲ್ಲ. ಎಲೆಯನ್ನೋ ಕಾಯನ್ನೋ ಬಿಡಿಸಿಕೊಂಡರೆ ಬಳ್ಳಿ ಮತ್ತೆ ಚಿಗುರೀತು. ಇಲ್ಲಿ ನಮಗೆ ಬೇಕಾಗಿರುವುದೇ ಬೇರು. ಉಪ್ಪಿನಕಾಯಿಗೂ ಶರಬತ್ತಿಗೂ ಅಗೆದೂ ಅಗೆದೂ, ಈಗ ಇದರ ಹೆಸರು ಅಳಿವಿನ ಅಪಾಯದಲ್ಲಿರುವ ಗಿಡಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ.

1990ರ ದಶಕದಲ್ಲಿ ಅರಣ್ಯ ಇಲಾಖೆ ಮತ್ತು ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ರಾಜ್ಯದ 13 ಕಡೆ ಔಷಧಿ ಸಸ್ಯಗಳಿಗಾಗಿಯೇ ಕಾಡಿನ ತುಂಡುಗಳನ್ನು ಗುರುತಿಸಿ ಕಾಪಾಡಲು ಶುರು ಮಾಡಿದವು. ಆಗುಂಬೆ, ತಲಕಾವೇರಿ, ಸಾವನದುರ್ಗದ ಜೊತೆ ನಮ್ಮ ದೇವರಾಯನದುರ್ಗವೂ ಅದರಲ್ಲಿದೆ. ಅಲ್ಲಿ ಕಡಿಯುವಂತಿಲ್ಲ, ಅಗೆಯುವಂತಿಲ್ಲ.

ಅಂಗಳದಲ್ಲಿ ನೆಟ್ಟರೆ ಏನು ತಪ್ಪು ಅಂತೀರಾ? ನಮ್ಮ ಅಂಗಳದಲ್ಲಿ ಒಂದೇ ಬಳ್ಳಿ ಇರುತ್ತದೆ. ಬೆಟ್ಟದಲ್ಲಿ ಹತ್ತಾರು ಇದ್ದು, ಒಂದೊಂದರ ಗುಣ ಒಂದೊಂದು. ಒಂದು ಬರಗಾಲ ತಡೆಯುತ್ತದೆ, ಇನ್ನೊಂದು ರೋಗ ತಡೆಯುತ್ತದೆ. ಹೂವಿಗೆ ಬರುವ ಹುಳುಗಳೂ ಅಲ್ಲೇ ಇರುತ್ತವೆ. ನರ್ಸರಿಯವರಿಗೆ ನಾಳೆ ಒಳ್ಳೆ ಬೀಜ ಬೇಕೆಂದರೂ ಬೆಟ್ಟಕ್ಕೇ ಹೋಗಬೇಕು. ಬಿತ್ತನೆಗೆ ಎತ್ತಿಟ್ಟ ರಾಗಿಯನ್ನು ಬೀಸಿ ಮುದ್ದೆ ಮಾಡ್ತೀವಾ?

ಕೆಲವು ಮರಗಳಿಗಂತೂ ಜಾಗ ಬದಲಿಸುವ ಮಾತೇ ಇಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಗೇರು ಕುಟುಂಬದ ಒಂದು ಮರವಿದೆ. ವಿಜ್ಞಾನಿಗಳು ಅದನ್ನು ಹೊಸ ಜಾತಿ ಎಂದು ಗುರುತಿಸಿದ್ದೇ 2000ದಲ್ಲಿ. ಊರಿನ ಹೆಸರನ್ನೇ ಸೇರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ಜೌಗಿನ ನೀರು ಬಸಿದು ಅಡಿಕೆ ಹಾಕಿದರೆ ಆ ಮರ ಮುಗಿದ ಹಾಗೆ. 2011ರಲ್ಲಿ ಆ ಭಾಗದ ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಪ್ರದೇಶ ಎಂದು ಘೋಷಿಸಿದರು. ಕೋತಿಯ ಹೆಸರಲ್ಲಿ ಮರಕ್ಕೂ ರಕ್ಷಣೆ ಸಿಕ್ಕಿತು.

ಹಾಗಂತ ಬೋರ್ಡು ಹಾಕಿದ ಮಾತ್ರಕ್ಕೆ ಗಿಡ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಯಾರೋ ಎಸೆದ ಬೀಡಿ ತುಂಡು ಸಾಕು, ಗುಡ್ಡದ ಹುಲ್ಲೆಲ್ಲ ಹೊತ್ತಿಕೊಳ್ಳುತ್ತದೆ. ಕಾಯುವ ಸಿಬ್ಬಂದಿ ಎಷ್ಟು ಕಡೆ ಓಡಿಯಾರು?

ಆದ್ದರಿಂದ ಮಕ್ಕಳ ಕೈಗೆ ಕುಡುಗೋಲು, ಚಾಕು ಕೊಟ್ಟು ಕಳಿಸಬೇಡಿ. ನೋಟ್‌ಬುಕ್, ಪೆನ್ಸಿಲ್, ನೀರಿನ ಬಾಟಲಿ, ಟೋಪಿ ಸಾಕು. ಊಟ ಡಬ್ಬಿಯಲ್ಲೇ ಇರಲಿ; ಪ್ಲಾಸ್ಟಿಕ್ ಕವರ್ ಕಂಡರೆ ಅಲ್ಲಿನ ಕೋತಿಗಳು ಬಿಡುವುದಿಲ್ಲ. ನಾಮದ ಚಿಲುಮೆಯ ಔಷಧಿ ವನದಲ್ಲಿ ಗಿಡಗಳನ್ನು ಹತ್ತಿರದಿಂದ ನೋಡಿ ಚಿತ್ರ ಬರೆಯಲು ಸಮಯ ಕೊಡುತ್ತೇವೆ. ಮಾಗಳಿ ಬೆಳೆಸಲೇಬೇಕು ಅನ್ನುವವರು ಆಫೀಸಿನಲ್ಲಿ ಹೆಸರು ಬರೆಸಿ. ಬೀಜದಿಂದ ಬೆಳೆಸಿದ ಸಸಿ ನರ್ಸರಿಯಲ್ಲಿ ಸಿಕ್ಕರೆ ಎಲ್ಲರಿಗೂ ಸೇರಿಸಿ ತರಿಸೋಣ. ಒಪ್ಪಿಗೆ ಚೀಟಿಗೆ ಸಹಿ ಹಾಕಿ ಈ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು