ಅಘನಾಶಿನಿಯ ದೋಣಿಯಣ್ಣನಿಗೆ ಧನ್ಯವಾದ

ಹೆಸರು ಹೇಳದೆ ಹೊರಟುಬಿಟ್ಟ ಅಣ್ಣ, ನಿಮಗೆ ತುಂಬಾ ಧನ್ಯವಾದ.

ಕುಮಟಾ ಹತ್ತಿರ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ನಮ್ಮ ಕಯಾಕ್ ಕೆಸರಿಗೆ ಸಿಕ್ಕಿಕೊಂಡಿತ್ತು. ಇಳಿತ ಶುರುವಾಗಿತ್ತು. ಸಣ್ಣ ಕವಲುಗಳಲ್ಲಿ ನೀರು ಎಷ್ಟು ಬೇಗ ಜಾರುತ್ತದೆ ಅಂತ ನೋಡಿದವರಿಗೇ ಗೊತ್ತು. ಇಳಿದು ತಳ್ಳೋಣ ಅನ್ನುವಷ್ಟರಲ್ಲಿ ನೀವು ದೂರದಿಂದಲೇ "ಕಾಲಿಡಬೇಡಿ" ಎಂದು ಕೂಗಿದಿರಿ. ಕೆಸರಿನಿಂದ ಪೆನ್ಸಿಲ್‌ನಂತೆ ಎದ್ದು ನಿಂತ ಉಸಿರುಬೇರುಗಳು, ನಡುವೆ ಚೂಪಾದ ಚಿಪ್ಪುಗಳು. ಹಗ್ಗ ಎಸೆದು, ನಿಮ್ಮ ದೋಣಿಯಿಂದ ನಮ್ಮನ್ನು ಆಳದ ನೀರಿಗೆ ಎಳೆದಿರಿ.

ಅಷ್ಟಕ್ಕೇ ಬಿಟ್ಟು ಹೋಗಬಹುದಿತ್ತು, ಅಲ್ವಾ? ನೀರು ಇಳಿದಾಗಲೇ ಹಕ್ಕಿ ಜಾಸ್ತಿ ಎಂದು ಹೇಳಿ, ಗಿಡಗಳಿಂದ ದೂರ ಸುಮ್ನೆ ನಿಲ್ಲಿಸಿದಿರಿ. ತೆರೆದುಕೊಂಡ ಕೆಸರಿನಲ್ಲಿ ಏಡಿ, ಸಣ್ಣ ಮೀನು ಹುಡುಕುತ್ತಾ ಬೆಳ್ಳಕ್ಕಿಗಳು ಇಳಿದವು. ರೆಕ್ಕೆ ಹರಡಿ ಒಣಗಿಸುತ್ತಿದ್ದ ನೀರುಕಾಗೆ, ಬೇರಿನ ಮೇಲೆ ಮಿಂಚುಳ್ಳಿ, ಮೇಲೆ ಸುತ್ತುತ್ತಿದ್ದ ಬಿಳಿ ತಲೆಯ ಗರುಡ. ಹುಟ್ಟು ಹಾಕುವ ಅವಸರದಲ್ಲಿ ಇವೆಲ್ಲ ನಮಗೆ ಕಾಣುತ್ತಲೇ ಇರಲಿಲ್ಲ.

2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ಬೆಲೆ ನಿಮ್ಮಂಥವರಿಗೆ ಮೊದಲೇ ಗೊತ್ತಿತ್ತು.

ದುಡ್ಡು ಕೊಟ್ಟರೂ ತೆಗೆದುಕೊಳ್ಳಲಿಲ್ಲ. ನಿಮ್ಮ ಊರಿನವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ನಿಮಗೆ ಓದಿ ಹೇಳಲಿ.